ಮೂರು ಜನ ಬಿಟ್ಟರು, 11 ಪ್ಯಾಕೇಜು ನನ್ನ ತಲೆ ಮೇಲೆ: ಗುಂಪು ನಡೆಸುವುದು ಹೇಗೆ?

ಅಡಿಕೆಚೀಲ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ಆರು ವರ್ಷದ ಹಿಂದೆ ಒಂದು ಕಾಲೇಜಿನ ಲಿನಕ್ಸ್ ಕಾರ್ಯಕ್ರಮದಲ್ಲಿ ಪರಿಚಯವಾದ ನಾವು ಆರು ಜನ, ಡೆಬಿಯನ್‌ಗೆ (ಸ್ವಯಂಸೇವಕರು ನಡೆಸುವ ಲಿನಕ್ಸ್) ಪ್ಯಾಕೇಜಿಂಗ್ ಮಾಡುವ, ಅಂದರೆ ಬೇರೆಯವರು ಬರೆದ ತಂತ್ರಾಂಶವನ್ನು ಸುಲಭವಾಗಿ ಇನ್‌ಸ್ಟಾಲ್ ಆಗುವ ಹಾಗೆ ಕಟ್ಟಿಕೊಡುವ, ಸಣ್ಣ ಗುಂಪು ಮಾಡಿಕೊಂಡೆವು. ಎರಡು ಕನ್ನಡ ಫಾಂಟು, ಒಂದು ಕೀಬೋರ್ಡ್ ವಿನ್ಯಾಸ, ಲಿಪಿ ಬದಲಿಸುವ ಒಂದು ಪೈಥಾನ್ ಲೈಬ್ರರಿ, ಅದಕ್ಕೆ ಬೇಕಾದ ಇನ್ನೆರಡು, ಮಕ್ಕಳ ಗಣಿತದ ಆಟ, ಹೀಗೆ ಒಟ್ಟು 11.

ಈಗ ಒಬ್ಬ ಜರ್ಮನಿಗೆ ಹೋದ. ಒಬ್ಬಳಿಗೆ ಮಗು ಆಯಿತು. ಇನ್ನೊಬ್ಬ ಯಾಕೆ ಅಂತಲೂ ಹೇಳದೆ ಸುಮ್ಮನಾದ. ಉಳಿದ ಇಬ್ಬರು "ಆಯ್ತು, ನೋಡ್ತೀನಿ" ಅನ್ನುತ್ತಾರೆ. ನೋಡುವುದಿಲ್ಲ.

ಹೊಸ ಪೈಥಾನ್ ಬಂದ ಮೇಲೆ ನಮ್ಮ ಲೈಬ್ರರಿ ಬಿಲ್ಡ್ ಆಗುವುದೇ (ಕೋಡ್‌ನಿಂದ ಪ್ಯಾಕೇಜ್ ತಯಾರಾಗುವುದು) ನಿಂತಿತು. ಗಂಭೀರ ಬಗ್ (ದೋಷದ ದೂರು) ಬಿತ್ತು. ಸರಿಮಾಡದಿದ್ದರೆ ಇಂಥ ದಿನ ಟೆಸ್ಟಿಂಗ್‌ನಿಂದ (ಮುಂದಿನ ಬಿಡುಗಡೆಗೆ ತಯಾರಾಗುವ ಸಂಗ್ರಹ) ಹೊರಗೆ ಅಂತ ಯಂತ್ರ ಕಳಿಸುವ ಮೇಲ್ ಬಂತು. ನಾನು ರಾತ್ರಿ ಹನ್ನೊಂದೂವರೆಗೆ ಗುಂಪಿನಲ್ಲಿ ಸ್ವಲ್ಪ ಖಾರವಾಗಿಯೇ ಬರೆದೆ. "ಹೆಸರು ಹಾಕಿಸಿಕೊಳ್ಳೋಕೆ ಎಲ್ಲರೂ ಇದ್ದಿರಿ, ಕೆಲಸಕ್ಕೆ ನಾನೊಬ್ಬನೇನಾ?" ಅಂತ. ಬೆಳಿಗ್ಗೆ ನೋಡಿದರೆ ಇಬ್ಬರಲ್ಲಿ ಒಬ್ಬ ಗುಂಪು ಬಿಟ್ಟಿದ್ದ.

ಸಂಬಳ ಇಲ್ಲದ ಕೆಲಸವನ್ನು ಜನರಿಂದ ಮಾಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ.

ಹಳೇಕೀಬೋರ್ಡ್

ಮಾಡಿಸಲು ಆಗುವುದಿಲ್ಲ. ಅಷ್ಟೇ ಉತ್ತರ. ಆದರೆ ನಿಮಗೆ ಬೇಜಾರಾಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡೆಬಿಯನ್‌ಗೆ ಒಂದು ಸಂವಿಧಾನ ಇದೆ. 1998ರಿಂದ ಇದೆ. ಅದರ ಮೊದಲ ಪುಟಗಳಲ್ಲೇ ಬರುವ ಮಾತು: ಯಾರಿಗೂ ಯಾವ ಕೆಲಸದ ಕಟ್ಟುಪಾಡೂ ಇಲ್ಲ. ವಹಿಸಿದ ಕೆಲಸವನ್ನು ಮಾಡಲು ಮನಸ್ಸಿಲ್ಲದಿದ್ದರೆ ಮಾಡಬೇಕಿಲ್ಲ. ಆದರೆ ನಿಯಮಗಳಿಗೂ ಅವುಗಳ ಪ್ರಕಾರ ಆದ ತೀರ್ಮಾನಗಳಿಗೂ ಅಡ್ಡಗಾಲು ಹಾಕುವ ಹಾಗಿಲ್ಲ. ಮೊದಲ ಸಲ ಓದಿದಾಗ ಇದೇನು, ಸೋಮಾರಿಗಳಿಗೆ ಬರೆದ ಕಾನೂನಾ ಅನಿಸಿತ್ತು. ಸುಮಾರು 15 ವರ್ಷ ಇದರೊಳಗೇ ಇದ್ದು ಹೇಳುತ್ತಿದ್ದೇನೆ, ಇಡೀ ಯೋಜನೆ ನಿಂತಿರುವುದು ಈ ಸಾಲಿನ ಮೇಲೆ. ಬಿಡುವುದು ಅವಮಾನ ಅಲ್ಲದಿದ್ದರೆ ಜನ ಹೇಳಿ ಬಿಡುತ್ತಾರೆ. ಅವಮಾನ ಮಾಡಿದರೆ ಹೇಳದೆ ಮಾಯವಾಗುತ್ತಾರೆ. ನಿಮ್ಮ ಮೂರನೆಯವನು ಯಾಕೆ ಸುಮ್ಮನಾದ ಅಂತ ಒಮ್ಮೆ ಯೋಚಿಸಿ.

ಹೇಳಿ ಬಿಡಲು ದಾರಿಗಳನ್ನೂ ಮಾಡಿಟ್ಟಿದ್ದಾರೆ. ಒಬ್ಬನಿಗೆ ಭಾರ ಆದರೆ "ನೆರವು ಬೇಕು" ಅಂತ ಆರ್‌ಎಫ್‌ಎಚ್ ಬಗ್ ಹಾಕಬಹುದು. ಬೇರೆಯವರು ತೆಗೆದುಕೊಂಡರೆ ಸಾಕು ಅನಿಸಿದರೆ ಆರ್‌ಎಫ್‌ಎ. ಇವತ್ತಿಂದ ನನ್ನದಲ್ಲ ಅನ್ನಬೇಕಾದರೆ ಬರೀ ಓ, ಅಂದರೆ ಅನಾಥ. ಆಮೇಲೆ ಮೇಂಟೈನರ್ (ನೋಡಿಕೊಳ್ಳುವವರು) ಜಾಗದಲ್ಲಿ ಕ್ಯೂಎ, ಅಂದರೆ ಗುಣಮಟ್ಟ ನೋಡುವ ಗುಂಪಿನ ಹೆಸರು ಕೂರುತ್ತದೆ. ಬೇಕಾದವರು ಐಟಿಎ ಹಾಕಿ ದತ್ತು ತೆಗೆದುಕೊಳ್ಳುತ್ತಾರೆ. ಒಂದು ಮೇಲ್, ಎರಡು ನಿಮಿಷದ ಕೆಲಸ. ಯಾರೂ ಕಾರಣ ಕೇಳುವುದಿಲ್ಲ.

ಮಂಡಕ್ಕಿ

ಒಂದೇ ಪ್ರಶ್ನೆ. ಆ 11ರಲ್ಲಿ ನೀವೇ ದಿನಾ ಬಳಸುವುದು ಎಷ್ಟು?

ಅಡಿಕೆಚೀಲ

@ಮಂಡಕ್ಕಿ ನಿಜ ಹೇಳಬೇಕಾ? ನಾಲ್ಕು.

ಗಣಿತದ ಆಟವನ್ನು ಜರ್ಮನಿಗೆ ಹೋದವನು ತಂದಿದ್ದ. ಅದರ ಮೂಲ ಲೇಖಕರು ಕೋಡ್ ಮುಟ್ಟಿ ನಾಲ್ಕು ವರ್ಷ ಆಯಿತು. ಇನ್ನು ಮೂರು, ಆಗ ಉತ್ಸಾಹದಲ್ಲಿ "ಇದೂ ಇರಲಿ" ಅಂತ ಮಾಡಿದ್ದು. ಅದರಲ್ಲೊಂದು ರೆಸ್ಯೂಮೆಗೆ. ನನ್ನದೇ.

ಮಂಡಕ್ಕಿ

ಹಾಗಾದರೆ ನಿಮ್ಮ ಹತ್ತಿರ ಇರುವುದು 4. ಉಳಿದ 7 ಸಾಲ.

ಹಳೇಕೀಬೋರ್ಡ್

ಮಂಡಕ್ಕಿ ಸರಿಯಾಗಿ ಹೇಳಿದರು. ಪ್ಯಾಕೇಜ್ ಮಾಡುವುದು ಒಂದು ಶನಿವಾರದ ಕೆಲಸ. ಡೆಬಿಯನ್ ಫೋಲ್ಡರ್ ಸೇರಿಸಿ, ಕಂಟ್ರೋಲ್, ರೂಲ್ಸ್, ಕಾಪಿರೈಟ್ ಕಡತ ಬರೆದು, ಲಿಂಟಿಯನ್ (ಪ್ಯಾಕೇಜ್‌ನ ತಪ್ಪು ಹುಡುಕುವ ಉಪಕರಣ) ಬೈಯುವುದನ್ನು ನಿಲ್ಲಿಸುವ ತನಕ ತಿದ್ದಿದರೆ ಮುಗಿಯಿತು. ಅದನ್ನು ಸಾಕುವುದು ಎಷ್ಟೋ ವರ್ಷದ ಕೆಲಸ. ಹಸು ಕಟ್ಟಿದ ಮನೆಯವರಿಗೆ ಇದು ಗೊತ್ತು. ಮನೆಯಲ್ಲಿ ಮದುವೆ ಇರಲಿ, ಸಾವಿರಲಿ, ಹಾಲು ಕರೆಯಲೇಬೇಕು.

ಡೆಬಿಯನ್ 13 ಬಂದಾಗ, 2025ರ ಆಗಸ್ಟ್‌ನಲ್ಲಿ, ಅದರಲ್ಲಿ 69,000ಕ್ಕೂ ಹೆಚ್ಚು ಪ್ಯಾಕೇಜ್ ಇದ್ದವು. ಎಲ್ಲರೂ ಆ ಸಂಖ್ಯೆಯನ್ನೇ ಹೇಳಿದರು. ನನಗೆ ಇಷ್ಟವಾದದ್ದು ಅದೇ ಪ್ರಕಟಣೆಯ ಇನ್ನೊಂದು ಸಂಖ್ಯೆ. ಹಿಂದಿನ ಆವೃತ್ತಿಯಲ್ಲಿದ್ದ 8,800ಕ್ಕೂ ಹೆಚ್ಚು ಪ್ಯಾಕೇಜ್‌ಗಳನ್ನು ಹಳತಾದವು ಅಂತ ಕೈಬಿಟ್ಟಿದ್ದರು. ಅಷ್ಟು ದೊಡ್ಡವರೇ ಕೈಬಿಡುತ್ತಾರೆ. ನಾಲ್ಕು ವರ್ಷದಿಂದ ಲೇಖಕರೇ ತಿರುಗಿ ನೋಡದ ಆಟಕ್ಕೆ ನೀವು ರಾತ್ರಿ ಹನ್ನೊಂದೂವರೆಗೆ ಜಗಳ ಆಡುತ್ತೀರಲ್ಲ.

ರಾತ್ರಿಪಾಳಿ

ಬಿಟ್ಟುಬಿಡಿ, ಕೊಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಯಾರಿಗೆ ಕೊಡುವುದು? ಇದು ಯಾರ ತಲೆಗೂ ಹೊಳೆಯುತ್ತಿಲ್ವಾ?

ಎಕ್ಸ್‌ಝಡ್ ಕಥೆ ಮರೆತಿರಾ? ಹೆಚ್ಚುಕಡಿಮೆ ಎಲ್ಲಾ ಲಿನಕ್ಸ್‌ನಲ್ಲೂ ಇರುವ ಪುಟ್ಟ ಕಂಪ್ರೆಶನ್ ಲೈಬ್ರರಿ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಒಬ್ಬರೇ, ಅವರೂ ದಣಿದಿದ್ದರು. ಜಿಯಾ ತಾನ್ ಅನ್ನುವ ಹೆಸರಿನವನು ಎರಡು ವರ್ಷಕ್ಕೂ ಜಾಸ್ತಿ ಕಾಲ ನಯವಾಗಿ ತೇಪೆ (ಕೋಡ್‌ಗೆ ತಿದ್ದುಪಡಿ) ಕಳಿಸುತ್ತಾ ಹೋದ. ಇನ್ನೊಂದು ಕಡೆ ಬೇರೆ ಬೇರೆ ಹೆಸರಿನ ಖಾತೆಗಳು "ಕೆಲಸ ನಿಧಾನ ಆಯಿತು, ಬೇರೆಯವರಿಗೆ ಕೊಡಿ" ಅಂತ ಆ ಮನುಷ್ಯನ ಮೇಲೆ ಒತ್ತಡ ಹಾಕಿದವು. ಕೊನೆಗೆ ಅವರು ಕೊಟ್ಟರು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಯಂತ್ರದೊಳಗೆ ನುಗ್ಗಲು ಕಳ್ಳದಾರಿ, ಬಂತು.

ಪ್ಯಾಕೇಜ್ ಮಾಡುವವರು ಗಮನಿಸಬೇಕಾದ ವಿಷಯ ಬೇರೆ ಇದೆ. ಆ ಹಿಂಬಾಗಿಲನ್ನು ಎಬ್ಬಿಸುವ ಸಾಲು ಗಿಟ್‌ನಲ್ಲಿ (ಎಲ್ಲರೂ ನೋಡುವ ಕೋಡ್ ಸಂಗ್ರಹ) ಇರಲಿಲ್ಲ, ಬಿಡುಗಡೆಯ ಟಾರ್ ಕಡತದಲ್ಲಿ (ಕೋಡನ್ನು ಒಟ್ಟಿಗೆ ಕಟ್ಟಿದ ಗಂಟು) ಮಾತ್ರ ಇತ್ತು. ನಾವು ಎತ್ತಿಕೊಳ್ಳುವುದು ಅದನ್ನೇ ಅಲ್ವಾ? ಮೇಲಾಗಿ, 5.6.1 ಬೇಗ ಹಾಕಿ ಅಂತ ಡೆಬಿಯನ್‌ನಲ್ಲೂ ಬಗ್ ಬಿದ್ದಿತ್ತು. ಅದನ್ನು ಹಾಕಿದ ಖಾತೆಯೂ ಅನುಮಾನದ್ದೇ. 2024ರ ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಬಯಲು ಮಾಡದಿದ್ದರೆ ನಾವೇ ಅದನ್ನು ಪೊಟ್ಟಣ ಕಟ್ಟಿ ಮನೆಮನೆಗೆ ಹಂಚುತ್ತಿದ್ದೆವು. ಅವರಿಗಾದರೂ ಹೇಗೆ ಗೊತ್ತಾಯಿತು? ಎಸ್‌ಎಸ್‌ಎಚ್ (ದೂರದ ಯಂತ್ರದೊಳಗೆ ಹೋಗುವ ತಂತ್ರಾಂಶ) ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ತಲೆಕೆಡಿಸಿಕೊಂಡಿದ್ದಕ್ಕೆ. ನಾನಾಗಿದ್ದರೆ ಕಾಫಿಗೆ ಎದ್ದು ಹೋಗುತ್ತಿದ್ದೆ.

ಅನಾಥ ಪ್ಯಾಕೇಜ್ ದತ್ತು ಕೊಡುವುದರ ಇನ್ನೊಂದು ಮುಖವನ್ನೂ ನೋಡಿ. 2018ರಲ್ಲಿ ಆರ್ಚ್ ಲಿನಕ್ಸ್‌ನ ಎಯುಆರ್‌ನಲ್ಲಿ (ಬಳಕೆದಾರರೇ ನಡೆಸುವ ಪ್ಯಾಕೇಜ್ ಸಂಗ್ರಹ) ಪಿಡಿಎಫ್ ಓದುವ ಒಂದು ಅನಾಥ ಪ್ಯಾಕೇಜನ್ನು ಯಾರೋ ದತ್ತು ತೆಗೆದುಕೊಂಡು ಕೆಟ್ಟ ಸ್ಕ್ರಿಪ್ಟ್ ಸೇರಿಸಿದರು. ಅಲ್ಲಿ ದತ್ತು ಅಂದರೆ ಒಂದು ಗುಂಡಿ ಒತ್ತುವುದು, ಅಷ್ಟೇ.

ನನ್ನ ಮಾತು ಇಷ್ಟು. ಗುರುತಿಲ್ಲದವರಿಗೆ ಕೊಡುವುದಕ್ಕಿಂತ ಪ್ಯಾಕೇಜ್ ಸತ್ತರೆ ಸಾಯಲಿ.

ಹಳೇಕೀಬೋರ್ಡ್

@ರಾತ್ರಿಪಾಳಿ ಅರ್ಧ ಒಪ್ಪುತ್ತೇನೆ.

ಎಯುಆರ್‌ನಲ್ಲಿ ಗುಂಡಿ ಒತ್ತಿದರೆ ಸಿಗುತ್ತದೆ, ನಿಜ. ಡೆಬಿಯನ್‌ನಲ್ಲಿ ಹಾಗಲ್ಲ. ಹೊಸಬರು ಪ್ಯಾಕೇಜ್ ಸಿದ್ಧ ಮಾಡಬಹುದು, ಆದರೆ ಅಪ್‌ಲೋಡ್ ಮಾಡಲು ಹಕ್ಕಿರುವ ಒಬ್ಬರು ನೋಡಿ ತಮ್ಮ ಸಹಿ ಹಾಕಬೇಕು. ಸ್ಪಾನ್ಸರ್ ಅನ್ನುತ್ತೇವೆ. ಕೆಲವು ಸಲ ಹೀಗೆ ಆದ ಮೇಲೆ ಡೆಬಿಯನ್ ಮೇಂಟೈನರ್ ಆಗಬಹುದು. ಆ ದರ್ಜೆಯನ್ನು 2007ರಲ್ಲಿ ಮತ ಹಾಕಿ ತಂದರು. ಅವರಿಗೆ ಗೊತ್ತುಮಾಡಿದ ಪ್ಯಾಕೇಜ್‌ಗಳ ಬಾಗಿಲು ಮಾತ್ರ ತೆರೆಯುತ್ತದೆ, ಇಡೀ ಮನೆಯದಲ್ಲ. ಡೆವಲಪರ್ ಆಗುವುದು ಅದರಾಚೆ. ನಿಮ್ಮ ಗುರುತು ತೋರಿಸುವ ಡಿಜಿಟಲ್ ಕೀಲಿಗೆ ಈಗಾಗಲೇ ಒಳಗಿರುವವರ ಸಹಿ ಬೇಕು, ಸಾಮಾನ್ಯವಾಗಿ ಎದುರುಬದುರು ಕೂತು ಗುರುತು ನೋಡಿ ಹಾಕುವ ಸಹಿ. 2023ರಲ್ಲಿ ಕೊಚ್ಚಿಯಲ್ಲಿ ಡೆಬ್‌ಕಾನ್ಫ್ (ಡೆಬಿಯನ್‌ನವರ ವಾರ್ಷಿಕ ಸಮ್ಮೇಳನ) ನಡೆದಾಗ ನಮ್ಮ ಕಡೆಯವರಿಗೆ ಇದಕ್ಕೆ ಒಳ್ಳೆಯ ಅವಕಾಶ ಸಿಕ್ಕಿತು. ಇಲ್ಲದಿದ್ದರೆ ಒಂದು ಸಹಿಗೆ ಊರೂರು ಅಲೆಯಬೇಕಿತ್ತು.

ಇನ್ನರ್ಧ ಯಾಕೆ ಒಪ್ಪುವುದಿಲ್ಲ ಅಂದರೆ, ನೀವು ಕಳ್ಳನ ಕಥೆ ಹೇಳಿದಿರಿ. ನಾನು ಒಳ್ಳೆಯವನ ಕಥೆ ಹೇಳುತ್ತೇನೆ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಪ್ಯಾಕೇಜ್‌ನಲ್ಲಿ, ವ್ಯಾಲ್‌ಗ್ರೈಂಡ್ ಅನ್ನುವ ದೋಷ ಹುಡುಕುವ ಉಪಕರಣ ಎಚ್ಚರಿಕೆ ಕೊಡುತ್ತಿದ್ದ ಎರಡು ಸಾಲು ತೆಗೆದರು. ಸುಮ್ನೆ ತೆಗೆದದ್ದಲ್ಲ, ಮೂಲದವರ ಪಟ್ಟಿಯಲ್ಲಿ ಕೇಳಿದ್ದರು. ಬೇಡ ಅಂತ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಆದರೆ ಕೀಲಿಗೆ ಬೇಕಾದ ಯಾದೃಚ್ಛಿಕ (ಊಹಿಸಲಾಗದ) ಸಂಖ್ಯೆ ಹುಟ್ಟುತ್ತಿದ್ದದ್ದೇ ಅಲ್ಲಿಂದ. ಆಮೇಲೆ ಉಳಿದದ್ದು ಪ್ರೋಸೆಸ್ ಐಡಿ (ಓಡುವ ಪ್ರೋಗ್ರಾಮಿನ ಸಂಖ್ಯೆ) ಒಂದೇ. ಒಂದೊಂದು ಬಗೆಯ ಕೀಲಿಗೆ ಸುಮಾರು 32,000 ಸಾಧ್ಯತೆ, ಅಷ್ಟೇ. 2008ರ ಮೇ ತನಕ ಯಾರಿಗೂ ಗೊತ್ತಾಗಲಿಲ್ಲ. ಆವತ್ತು ಕೂತು ಸರ್ವರ್‌ಗಳ ಕೀಲಿ ಬದಲಿಸಿದ್ದು ನನಗಿನ್ನೂ ನೆನಪಿದೆ. ಊಟ ಮಾಡಿದ್ದು ರಾತ್ರಿ ಎರಡಕ್ಕೆ.

ಅಲ್ಲಿ ಕಳ್ಳ ಇರಲಿಲ್ಲ. ಎರಡನೇ ಜೋಡಿ ಕಣ್ಣು ಇರಲಿಲ್ಲ. ಎಕ್ಸ್‌ಝಡ್‌ನಲ್ಲೂ ಕಳ್ಳ ನುಗ್ಗಿದ್ದು ಒಬ್ಬರೇ ಇದ್ದ ಮನೆಗೆ. ಇನ್ನೂ ಒಂದು ಮಾತು. ಮೂಲ ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ಸಂಬಂಧವೇ ಇಲ್ಲ. ಸಿಸ್ಟಮ್‌ಡಿ (ಯಂತ್ರದ ಸೇವೆಗಳನ್ನು ನಡೆಸುವ ತಂತ್ರಾಂಶ) ಜೊತೆ ಮಾತಾಡಲಿ ಅಂತ ಡೆಬಿಯನ್, ಫೆಡೋರಾದವರು ತೇಪೆ ಹಾಕಿದ್ದರಿಂದ ಎಸ್‌ಎಸ್‌ಎಚ್ ಜೊತೆ ಎಕ್ಸ್‌ಝಡ್ ಕೂಡ ಎಳೆದುಕೊಂಡು ಬಂತು. ಆ ಹಗ್ಗ ಕಟ್ಟಿದವರು ನಾವೇ, ಪ್ಯಾಕೇಜ್‌ನವರು.

ಹಾಗಾಗಿ "ಯಾರಿಗೆ ಕೊಡುವುದು" ಅನ್ನುವ ಪ್ರಶ್ನೆಯನ್ನು ದಣಿದ ಮೇಲೆ ಕೇಳಬೇಡಿ. ದಣಿದವನು ಮೊದಲು ಕೈಚಾಚಿದವನಿಗೆ ಕೊಟ್ಟುಬಿಡುತ್ತಾನೆ. ಶಕ್ತಿ ಇರುವಾಗಲೇ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ರಾತ್ರಿಪಾಳಿ

ಕೊನೆಯ ಪ್ಯಾರಾ ಒಪ್ಪಿದೆ. ಆದರೂ ಫಾಂಟ್ ಬೇರೆ, ಕ್ರಿಪ್ಟೋ ಬೇರೆ. ಎಲ್ಲಾದಕ್ಕೂ ಒಂದೇ ಎಚ್ಚರ ಬೇಕಿಲ್ಲ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ. ಇನ್‌ಸ್ಟಾಲ್ ಆಗುವಾಗ ಓಡುವ ಸ್ಕ್ರಿಪ್ಟ್ ಫಾಂಟ್ ಪ್ಯಾಕೇಜ್‌ನಲ್ಲೂ ರೂಟ್ ಆಗಿಯೇ (ಯಂತ್ರದ ಪೂರ್ತಿ ಅಧಿಕಾರದೊಂದಿಗೆ) ಓಡುತ್ತದೆ.

ಘಟ್ಟದಕೆಳಗೆ

ಜನ ಬಿಡುವುದಿರಲಿ, ಅವರ ಜೊತೆ ಪಾಸ್‌ವರ್ಡ್ ಹೋದರೆ ಏನು ಮಾಡುತ್ತೀರಿ?

ನಮ್ಮ ಹಳೆಯ ಗುಂಪಿನಲ್ಲಿ (ಬೇರೆ ಲಿನಕ್ಸ್ ಡಿಸ್ಟ್ರೋ, ಹೆಸರು ಬೇಡ) ಡೊಮೇನ್ ಒಬ್ಬನ ಹೆಸರಲ್ಲಿತ್ತು. ಅವನ ಕಾರ್ಡಿನಿಂದಲೇ ವರ್ಷಾ ವರ್ಷ ದುಡ್ಡು ಕಟ್ ಆಗುತ್ತಿತ್ತು. ಕಾರ್ಡ್ ಬದಲಾಯಿತು, ಡೊಮೇನ್ ಹೋಯಿತು. ಈಗ ಆ ವಿಳಾಸದಲ್ಲಿ ಯಾರೋ ರಮ್ಮಿ ಜಾಹೀರಾತು ನಡೆಸುತ್ತಿದ್ದಾರೆ. ಹಳೆಯ ರೆಪೊ (ಪ್ಯಾಕೇಜ್ ಸಂಗ್ರಹ) ವಿಳಾಸ ಇಟ್ಟುಕೊಂಡವರ ಯಂತ್ರಗಳು ಇವತ್ತಿಗೂ ಅಲ್ಲಿಗೆ ಹೋಗಿ ಅಪ್‌ಡೇಟ್ ಕೇಳುತ್ತಿರಬಹುದು. ನೆನಪಾದರೆ ಹೊಟ್ಟೆ ತೊಳೆಸುತ್ತದೆ. ಪ್ಯಾಕೇಜ್‌ಗೆ ಸಹಿ ಇತ್ತು ಅನ್ನುವುದೊಂದೇ ಸಮಾಧಾನ.

ನಾವು ಸಣ್ಣವರು ಬಿಡಿ. 2009ರಲ್ಲಿ ಸೆಂಟ್‌ಓಎಸ್ ಅನ್ನುವ ದೊಡ್ಡ ಲಿನಕ್ಸ್ ಡಿಸ್ಟ್ರೋಗೇ ಹೀಗಾಗಿತ್ತು. ಡೊಮೇನು, ದೇಣಿಗೆ ಬರುವ ಖಾತೆ ಎರಡೂ ಒಬ್ಬರ ಕೈಲಿ, ಅವರು ಸಿಗುತ್ತಿಲ್ಲ. ಉಳಿದವರು ಬಹಿರಂಗ ಪತ್ರ ಬರೆದ ಮೇಲೆ ಬಗೆಹರಿಯಿತು. 2018ರಲ್ಲಿ ವಾಯ್ಡ್ ಲಿನಕ್ಸ್‌ನ ಮುಖ್ಯಸ್ಥರು ತಿಂಗಳುಗಟ್ಟಲೆ ಕಾಣೆಯಾದಾಗ ಉಳಿದವರು ಹೊಸ ಜಾಗಕ್ಕೆ ಗಂಟುಮೂಟೆ ಕಟ್ಟಬೇಕಾಯಿತು. ಡೆಬಿಯನ್‌ನವರು ಇದನ್ನು ಮೊದಲೇ ಯೋಚಿಸಿದ್ದರು. ದುಡ್ಡು, ಹೆಸರಿನ ಹಕ್ಕು ಇಂಥದ್ದನ್ನು ಇಟ್ಟುಕೊಳ್ಳಲು 1997ರಲ್ಲೇ ಎಸ್‌ಪಿಐ ಅನ್ನುವ ಬೇರೆ ಸಂಸ್ಥೆ ಮಾಡಿಕೊಂಡರು.

ಅಡಿಕೆಚೀಲ ಅವರೇ, ನಿಮ್ಮ ಗುಂಪಿನ ಗಿಟ್ ಖಾತೆಗೆ ಓನರ್ ಎಷ್ಟು ಜನ?

ಅಡಿಕೆಚೀಲ

ಇಬ್ಬರು. ನಾನು ಮತ್ತು ಆ ಸುಮ್ಮನಾದವನು.

ಈಗಲೇ ಬದಲಿಸುತ್ತೇನೆ.

ಅವರೆಕಾಳು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಹೇಳಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಅಡಿಕೆಚೀಲ ಸರ್, ನಿಮ್ಮ ಕೀಬೋರ್ಡ್ ವಿನ್ಯಾಸದ ಪ್ಯಾಕೇಜ್‌ಗೆ ನಾನು ಫೆಬ್ರವರಿಯಲ್ಲಿ ಒಂದು ಮರ್ಜ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದ್ದೆ. ವಾಚ್ ಕಡತದಲ್ಲಿ ಹಳೆಯ ವಿಳಾಸ ಇತ್ತು, ಅದಕ್ಕೇ ಹೊಸ ಬಿಡುಗಡೆ ಬಂದದ್ದು ನಿಮಗೆ ಗೊತ್ತಾಗುತ್ತಿರಲಿಲ್ಲ. ಎರಡು ಸಾಲಿನ ತಿದ್ದುಪಡಿ. ನನ್ನ ಮೊದಲನೇ ಕೆಲಸ. ಒಂದು ವಾರ ದಿನಾ ತೆಗೆದು ನೋಡುತ್ತಿದ್ದೆ. ಆಮೇಲೆ ಬಿಟ್ಟೆ.

ಜನ ಇಲ್ಲ ಅನ್ನುತ್ತೀರಿ. ಬಂದಿದ್ದೆನಲ್ಲ ಸರ್.

ಮಂಡಕ್ಕಿ

😬

ಅಡಿಕೆಚೀಲ

@ಅವರೆಕಾಳು ಹುಡುಕಿದೆ, ಇದೆ. ಸೂಚನೆಗಳೆಲ್ಲಾ ಒಂದು ಫೋಲ್ಡರ್‌ಗೆ ಹೋಗಲಿ ಅಂತ ಫಿಲ್ಟರ್ ಹಾಕಿದ್ದೆ, ಆ ಫೋಲ್ಡರ್ ತೆಗೆಯುತ್ತಲೇ ಇರಲಿಲ್ಲ. ಅಲ್ಲಿ ನಿಮ್ಮದಲ್ಲದೆ ಇನ್ನೂ ಇಬ್ಬರದು ಇದೆ. ಕ್ಷಮಿಸಿ. ಬೇರೆ ಮಾತು ತೋಚುತ್ತಿಲ್ಲ.

ಹಳೇಕೀಬೋರ್ಡ್

ಇದು ಅವರೊಬ್ಬರ ತಪ್ಪಲ್ಲ. ಮೊದಲ ತೇಪೆಗೆ ಒಂದು ವಾರದೊಳಗೆ "ಸಿಕ್ಕಿತು, ಭಾನುವಾರ ನೋಡುತ್ತೇನೆ" ಅಂತ ಒಂದು ಸಾಲು ಬರೆದರೆ ಆ ಮನುಷ್ಯ ಉಳಿಯುತ್ತಾನೆ. ನಮ್ಮ ತಂಡದಲ್ಲಿ ಇದೊಂದೇ ನಿಯಮ. ತೇಪೆ ಸೇರಿಸುವುದು ತಡವಾದರೂ ನಡೆಯುತ್ತದೆ, ಆ ಸಾಲು ತಡ ಆಗಬಾರದು. ವಾರಕ್ಕೊಬ್ಬರು ಸರದಿ. ಸರದಿಯವರು ಕೋಡ್ ಬರೆಯಬೇಕಿಲ್ಲ, ಬಂದವರನ್ನು ಮಾತಾಡಿಸಿದರೆ ಸಾಕು. ಮನೆಗೆ ಬಂದವರಿಗೆ ನೀರು ಕೊಡುವ ಹಾಗೆ.

ಇನ್ನೊಂದು. ಬಂದವರಿಗೆಲ್ಲಾ "ಪಾಲಿಸಿ ಓದಿಕೊಂಡು ಬನ್ನಿ" ಅನ್ನಬೇಡಿ. ಡೆಬಿಯನ್ ಪಾಲಿಸಿ, ಅಂದರೆ ಪ್ಯಾಕೇಜ್‌ಗಳ ನಿಯಮಾವಳಿ, ಒಳ್ಳೆಯ ದಾಖಲೆ, ನಾನು ಇಷ್ಟಪಟ್ಟು ಓದುತ್ತೇನೆ. ಆದರೆ ಅದನ್ನು ಮೊದಲ ದಿನವೇ ಕೊಡುವುದು, ಅಡುಗೆ ಕಲಿಯಲು ಬಂದವರ ಕೈಗೆ ಆಹಾರ ಸುರಕ್ಷತೆ ಕಾಯ್ದೆ ಕೊಟ್ಟ ಹಾಗೆ.

ಘಟ್ಟದಕೆಳಗೆ

ಕೋಡ್ ಬರೆಯದವರನ್ನೂ ಕರೆಯಿರಿ. ಫಾಂಟ್ ವಿಷಯದಲ್ಲಂತೂ ಕೋಡ್ ಬರೆಯುವವರಿಗಿಂತ ಅವರೇ ಜಾಸ್ತಿ ಬೇಕು.

ಫಾಂಟನ್ನು ಮೂಲದಿಂದಲೇ ಬಿಲ್ಡ್ ಮಾಡಲು ನೋಡುತ್ತೇವೆ ಅಲ್ವಾ? ಬಿಲ್ಡ್ ಮಾಡುವ ಉಪಕರಣದ ಆವೃತ್ತಿ ಬದಲಾದರೆ ಫಾಂಟ್ ಕಡತವೂ ಬದಲಾಗುತ್ತದೆ. ಒಮ್ಮೆ ನಮಗೆ ಹಾಗೇ ಆಯಿತು. ಬಿಲ್ಡ್ ಹಸಿರು, ಲಿಂಟಿಯನ್ ಮೌನ, ಎಲ್ಲಾ ಚೆನ್ನಾಗಿದೆ ಅಂತ ಕಳಿಸಿದೆವು. ಆಮೇಲೆ ನೋಡಿದರೆ ರಾಷ್ಟ್ರದ ಒತ್ತಕ್ಷರಗಳು ಒಂದರ ಮೇಲೊಂದು ಕೂತಿದ್ದವು. ಯಂತ್ರಕ್ಕೆ ಅದು ತಪ್ಪು ಅಂತ ಹೇಗೆ ಗೊತ್ತಾಗಬೇಕು?

ಈಗ ಒಂದು ಪುಟದ ಪರೀಕ್ಷೆ ಇದೆ. ಲಕ್ಷ್ಮಿ, ಸ್ತ್ರೀ, ರಾಷ್ಟ್ರ, ಸೂರ್ಯ, ರ‍್ಯಾಂಕ್, ಕೃಷ್ಣ, ಜ್ಞಾನ, ಹೀಗೆ ನೂರು ಪದ. ಪ್ರತಿ ಅಪ್‌ಲೋಡ್‌ಗೆ ಮೊದಲು ಅದನ್ನು ಪಿಡಿಎಫ್ ಮಾಡಿ ನಮ್ಮ ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡುತ್ತೇನೆ. ಅವರು ನಿವೃತ್ತ ಕನ್ನಡ ಮೇಷ್ಟ್ರು. ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ. "ಸೂರ್ಯದ ಅರ್ಕಾವತ್ತು ಸರಿ ಇದೆ. ರ‍್ಯಾಂಕಿಗೂ ಅರ್ಕಾವತ್ತು ಬಂದಿದೆಯಲ್ಲೋ, ಅಲ್ಲಿ ಯ ಒತ್ತು ಬರಬೇಕು." ಝೀರೋ ವಿಡ್ತ್ ಜಾಯ್ನರ್ (ಒತ್ತು ಮೂಡುವ ರೀತಿ ಬದಲಿಸುವ ಕಾಣದ ಸಂಕೇತ) ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿ) ಅವರ ಹೆಸರು ಹಾಕುತ್ತೇನೆ. ಪ್ರಿಂಟ್ ತೆಗೆಸಿ ಮನೆಯಲ್ಲಿ ಇಟ್ಟುಕೊಂಡಿದ್ದಾರೆ.

ಬಿಸಿಲೂರು

ದುಡ್ಡು ಕೊಟ್ಟರೆ ಆಗಲ್ವಾ? ಎಷ್ಟೋ ಕಂಪನಿ ಇದರ ಮೇಲೇ ನಡೆಯುತ್ತವೆ.

ಹಳೇಕೀಬೋರ್ಡ್

@ಬಿಸಿಲೂರು ಕೊಡಬಹುದು, ಜೋಪಾನವಾಗಿ. 2006ರಲ್ಲಿ ಡೆಬಿಯನ್‌ನ ಎಚ್ (Etch) ಆವೃತ್ತಿಯನ್ನು ಡಿಸೆಂಬರ್ ಒಳಗೆ ಮುಗಿಸಬೇಕು ಅಂತ ಡಂಕ್ ಟ್ಯಾಂಕ್ ಎಂಬ ಹೆಸರಿನಲ್ಲಿ ಇಬ್ಬರು ರಿಲೀಸ್ ಮ್ಯಾನೇಜರ್‌ಗಳಿಗೆ ದುಡ್ಡು ಕೊಡುವ ಪ್ರಯೋಗ ನಡೆಯಿತು. ಅವರಿಗೆ ಮಾತ್ರ ಯಾಕೆ, ನಮ್ಮದು ಬಿಟ್ಟಿ ಕೆಲಸವಾ ಅಂತ ದೊಡ್ಡ ಜಗಳ. ಕೆಲವರು ಬೇಕೆಂದೇ ಕೆಲಸ ನಿಧಾನ ಮಾಡಿದರು. ಎಚ್ ಬಂದದ್ದು 2007ರ ಏಪ್ರಿಲ್‌ನಲ್ಲಿ.

ಆದರೆ 2014ರಿಂದ ಹಳೆಯ ಆವೃತ್ತಿಗಳಿಗೆ ಭದ್ರತಾ ತೇಪೆ ಹಾಕುವ ಎಲ್‌ಟಿಎಸ್ ಕೆಲಸ ಕಂಪನಿಗಳ ದುಡ್ಡಿನಿಂದಲೇ ನಡೆಯುತ್ತಿದೆ. ಅದಕ್ಕೆ ಅಷ್ಟು ಜಗಳ ಇಲ್ಲ. ನನಗೆ ಅನಿಸುವುದು, ಯಾರೂ ಇಷ್ಟಪಟ್ಟು ಮಾಡದ ಕೆಲಸಕ್ಕೆ ದುಡ್ಡು ಕೊಟ್ಟರೆ ಹೊಟ್ಟೆಕಿಚ್ಚು ಕಡಿಮೆ.

ಅಡಿಕೆಚೀಲ

ಹತ್ತು ದಿನ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಗಣಿತದ ಆಟ ಮತ್ತು ಇನ್ನೊಂದನ್ನು ತೆಗೆದುಹಾಕಿ ಅಂತ ಕೇಳಿದೆ. ಜರ್ಮನಿಯವನಿಗೆ ಮೊದಲೇ ಫೋನ್ ಮಾಡಿದ್ದೆ, ಬೇಜಾರಾಗುತ್ತಾನೇನೋ ಅಂದುಕೊಂಡಿದ್ದೆ. "ಅಯ್ಯೋ, ಅದು ಇನ್ನೂ ಇದೆಯಾ?" ಅಂದ. ಮೂರು ಪ್ಯಾಕೇಜ್ ಅನಾಥ ಅಂತ ಬಗ್ ಹಾಕಿದೆ. ರೆಸ್ಯೂಮೆಯದ್ದೂ ಸೇರಿ.

ಪೈಥಾನ್ ಲೈಬ್ರರಿಯನ್ನು ನಾನು ಸರಿಮಾಡುವ ಮೊದಲೇ ಪರಿಚಯವೇ ಇಲ್ಲದ ಒಬ್ಬರು ಎನ್‌ಎಂಯು (ಮೇಂಟೈನರ್ ಅಲ್ಲದವರು ಮಾಡುವ ಅಪ್‌ಲೋಡ್) ಮಾಡಿ ಡಿಲೇಡ್, ಅಂದರೆ ತಡೆದು ಬಿಡುವ, ಸಾಲಿನಲ್ಲಿ ಇಟ್ಟರು. ನನಗೆ ಇಷ್ಟವಿಲ್ಲದಿದ್ದರೆ ತಡೆಯಲು ಕೆಲವು ದಿನ ಟೈಮು. ಮೇಲ್ ನೋಡಿದ ತಕ್ಷಣ ಸಿಟ್ಟೇ ಬಂತು, ನನ್ನ ಪ್ಯಾಕೇಜ್ ಮುಟ್ಟಲು ಇವನ್ಯಾರು ಅಂತ. ಆಮೇಲೆ ನಗು ಬಂತು. ಜನ ಇಲ್ಲ ಅಂತ ಅತ್ತವನೂ ನಾನೇ. ತೇಪೆ ನಾಲ್ಕೇ ಸಾಲು, ಚೊಕ್ಕವಾಗಿತ್ತು. ತಡ ಬೇಡ, ಈಗಲೇ ಬಿಡಿ ಅಂತ ಬರೆದೆ.

ಸುಮ್ಮನಾದವನು ಸಿಕ್ಕ. ಅವರಪ್ಪನಿಗೆ ಹುಷಾರಿರಲಿಲ್ಲವಂತೆ, ಎಂಟು ತಿಂಗಳಿಂದ. ನಾನು ಕೇಳಿರಲಿಲ್ಲ. ಓನರ್ ಹಕ್ಕು ಅವನೇ ಬಿಟ್ಟುಕೊಟ್ಟ, ಮುಗಿದ ಮೇಲೆ ಬರುತ್ತೇನೆ ಅಂದ. ಗುಂಪು ಬಿಟ್ಟವನಿಗೆ ಕ್ಷಮೆ ಕೇಳಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಅವರೆಕಾಳು ಅವರ ಎರಡು ಸಾಲು ಮೊನ್ನೆ ಅಪ್‌ಲೋಡ್ ಆಯಿತು. ಚೇಂಜ್‌ಲಾಗ್‌ನಲ್ಲಿ ಅವರ ಹೆಸರಿದೆ. ಉಳಿದ ಆರರಲ್ಲಿ ಫಾಂಟ್ ಎರಡೂ ನನ್ನ ಕೈಯಲ್ಲೇ ಇವೆ. ಅವಕ್ಕೆ ಮಾತ್ರ ಇನ್ನೊಬ್ಬರು ಬೇಕು. ಭಾನುವಾರ ಎಲ್ಲರೂ ಕರೆಯಲ್ಲಿ ಸೇರಿ ಒಂದನ್ನು ಮೊದಲಿಂದ ಬಿಲ್ಡ್ ಮಾಡಿ ನೋಡೋಣ ಅಂದುಕೊಂಡಿದ್ದೇನೆ.

ಅವರೆಕಾಳು

ನಾನು ಬರುತ್ತೇನೆ ಸರ್. ಆ ನೂರು ಪದದ ಪುಟ ಯಾರಾದರೂ ಹಾಕುತ್ತೀರಾ? ನಮ್ಮ ಅಜ್ಜಿಗೆ ತೋರಿಸಬೇಕು, ಅವರೂ ತುಂಬಾ ತಪ್ಪು ಹುಡುಕುತ್ತಾರೆ.

ಘಟ್ಟದಕೆಳಗೆ

ರಾತ್ರಿ ಹಾಕುತ್ತೇನೆ. ಅಜ್ಜಿಯ ಹತ್ತಿರ "ಶೃಂಗೇರಿ" ಒಂದು ಸಲ ಜಾಸ್ತಿ ನೋಡಿಸಿ. ನಮ್ಮ ಚಿಕ್ಕಮ್ಮನಿಗೆ ಅದರ ಮೇಲೆ ಅನುಮಾನ ಇದೆ.

ಮಂಡಕ್ಕಿ

ಭಾನುವಾರ ಎಷ್ಟು ಗಂಟೆಗೆ?